ದುರ್ಬೀನಿನ ಮೂರು ಕಾಲು

ಕುಲ್ಸುಮ್,

ನಸುಕಿಗೆ ರೋಜಾದ ಸಹರಿ ಉಂಡು ನೀನು ಮತ್ತೆ ಮಲಗಿದ್ದೆ, ಎಬ್ಬಿಸಲಿಲ್ಲ. ಮೊದಲ ಮೋಟಾರಿಗೆ ಸಿದ್ದಾಪುರಕ್ಕೆ ಹೊರಟೆ, ನಾಳೆ ಮಧ್ಯಾಹ್ನ ಬರುತ್ತೇನೆ. ಸಂಜೆ ಈದಿನ ಚಂದ್ರ ನೋಡಬೇಕು.

ದುರ್ಬೀನು ತೆಗೆದುಕೊಂಡು ಮಂಜ ಬಡಗಿಯ ಅಂಗಡಿಗೆ ಹೋಗು. ಅಲ್ಲಿ ಮೂರು ಕಾಲಿನ ಸ್ಟ್ಯಾಂಡು ಎರಡಿವೆ, ಒಂದನ್ನು ಕೊಂಡು ತಾ. ಹಿತ್ತಾಳೆ ಹೂವಿನದು ನಿನಗೆ ಇಷ್ಟವಾಗುತ್ತದೆ, ಗೊತ್ತು. ಅದರ ಕಡೆ ನೋಡಲೇ ಬೇಡ.

ಇನ್ನೊಂದರ ಮೇಲೆ ದುರ್ಬೀನು ಕೂರಿಸಿ ಮಸೀದಿಯ ಮಿನಾರು ನೋಡು, ಸ್ಟ್ಯಾಂಡಿನ ಕಾಲಿಗೆ ಬೆರಳಿನಿಂದ ತಟ್ಟು. ಮೂರು ಎಣಿಸುವುದರೊಳಗೆ ಮಿನಾರು ಕುಣಿಯುವುದು ನಿಲ್ಲಬೇಕು.

"ಎಷ್ಟು ಹಗುರ ಅದೆ ನೋಡ್ ತಂಗಿ" ಅಂತ ಹೂವಿನದನ್ನೇ ಎತ್ತಿ ತೋರಿಸುತ್ತಾನೆ ಮಂಜ. ಹಗುರದ್ದೇ ನಮಗೆ ಬೇಡ.

ಎತ್ತರ, ನಮ್ಮ ದಾದಿ ಸ್ಟೂಲಿನ ಮೇಲೆ ಕೂತರೆ ಆ ಅಜ್ಜಿಯ ಕಣ್ಣಿಗೆ ಸಿಗುವಷ್ಟಿರಲಿ.

ಉರ್ದು ಬಿಟ್ಟು ಕನ್ನಡದಲ್ಲಿ ಬರೆದದ್ದು ದಾದಿ ಓದಬಾರದೆಂದೇ. ಹೋದ ವರ್ಷ ಎಲ್ಲರಿಗಿಂತ ಮೊದಲು "ಕಂಡಿತು" ಎಂದು ಕೈಯೆತ್ತಿ ದುವಾ ಮಾಡಿದರಲ್ಲ, ಅವರ ಬೆರಳು ತೋರಿಸುತ್ತಿದ್ದದ್ದು ಬರೀ ತೆಂಗಿನಮರವನ್ನು. ಚಂದ್ರ ಇದ್ದದ್ದು ಮಸೀದಿಯ ಆಚೆ ಬದಿಗೆ. ನಾನು ಬಾಯಿ ಬಿಡಲಿಲ್ಲ, ನೀನೂ ಬಿಡಬೇಡ.

ನಾಳೆ ನಾನು ಗುರಿ ಹಿಡಿದಿಟ್ಟ ಮೇಲೆ ಅವರು ಸ್ಟ್ಯಾಂಡನ್ನು ಎರಡೂ ಕೈಯಿಂದ ಹಿಡಿದೇ ನೋಡುತ್ತಾರೆ. ಆ ಕೈ ನಡುಗಿದರೂ ಚಂದ್ರ ಅಲುಗಬಾರದು.

ಅಣ್ಣ ಮುನಾಫ್