ಮೂರನೆಯ ಅಂಕಿ

ಮಾರ್ಚ್ 4, ಬೆಳಿಗ್ಗೆ 7

ರಿಪೇರಿ ಅಂಗಡಿಗೆ ಹೊರಡುವ ಮುಂಚೆ ಅಕ್ಕನ ತೋಳಿಗೆ ಬಿಪಿ ಮಷಿನ್ನಿನ ಪಟ್ಟಿ. 162, 98. ಕೆಳಗೆ ನಾಡಿ 104. ಬಿಪಿ ಮಾತ್ರೆ ಶುರುವಾಗಿ ವಾರವಾಯಿತು. ಡಾಕ್ಟರು ದಿನಕ್ಕೆರಡು ಸಲ ನೋಡಿ ಅಂದಿದ್ದಾರೆ. ಮಷಿನ್ ಬುರ್ರೆಂದರೆ ಸಾಕು, ಪರೀಕ್ಷೆಗೆ ಕೂತವಳಂತೆ ಬೆವರುತ್ತಾಳೆ.

ಮಾರ್ಚ್ 19

130, 82! ಅಕ್ಕನಿಗೆ ಖುಷಿಯೇ ಇಲ್ಲ. ಮೂರನೆಯ ಅಂಕಿ ಹಿಡಿದು ಕೂತಿದ್ದಾಳೆ — 110.

"ಎದೆ ಡವಡವ ಅಂತಿದೆ ಕಣೋ. ಸುಳ್ಳಲ್ಲ."

"ಅದನ್ನ ನೋಡಿ ನೋಡೀನೇ ಏರಿಸ್ಕೊಳ್ತಿದ್ದೀಯ. ನಮಗೆ ಬೇಕಾದ್ದು ಬಿಪಿ."

ಕರಿ ಟೇಪ್ ತಂದು ನಾಡಿಯ ಅಂಕಿಯ ಮೇಲೆ ಅಂಟಿಸಿಬಿಟ್ಟೆ. ರಿಪೇರಿಯವರ ಹಳೇ ಉಪಾಯ... ಸ್ಟೆಬಿಲೈಸರ್‌ನ ಕೆಂಪು ದೀಪಕ್ಕೆ ಗಿರಾಕಿ ಹೆದರಿದರೆ ದೀಪಕ್ಕೇ ಟೇಪ್. ಅವರೂ ನಿಶ್ಚಿಂತೆ, ನಾವೂ ನಿಶ್ಚಿಂತೆ.

ಅಕ್ಕ ನಕ್ಕಳು. "ನಿನ್ನ ಕಣ್ಣಿಗೂ ಒಂದು ಚೂರು ಅಂಟಿಸ್ಕೊ."

ಏಪ್ರಿಲ್ 2

126, 80. ಡವಡವದ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದಾಳೆ. ಮೆಟ್ಟಿಲು ಹತ್ತಿ ಬಂದು ಗೋಡೆ ಹಿಡಿದು ನಿಂತಿದ್ದಳು. ಏನಾಯ್ತೆಂದೆ.

"ಏನಿಲ್ಲಪ್ಪ. ನಿನಗೆ ಬೇಕಾದ ಬಿಪಿ ಚೆನ್ನಾಗಿದೆಯಲ್ಲ!"

ಕೊಂಕು ತಿಳಿಯಿತು. ಅಂಗಡಿಯಲ್ಲಿ ಫ್ಯಾನ್ ರಿಪೇರಿ ಬಾಕಿಯಿತ್ತು. ಹೋದೆ.

ಏಪ್ರಿಲ್ 21, ಆಸ್ಪತ್ರೆ

ನಿನ್ನೆ ಅಕ್ಕನ ಕೈಯಿಂದ ಲೋಟ ಜಾರಿತು. ಬಾಯಿ ಸೊಟ್ಟಗಾಯಿತು. ಬಲಗೈ ಎತ್ತಲಾಗಲಿಲ್ಲ. ಸ್ಟ್ರೋಕ್.

ಡಾಕ್ಟರು ಮನೆಯ ಮಷಿನ್ ತರಿಸಿದರು. ಟೇಪನ್ನು ಉಗುರಿನಿಂದ ಕೆರೆದು ಕಿತ್ತರು.

"ಇದ್ಯಾಕ್ರೀ ಹಚ್ಚಿದ್ದೀರಿ?"

ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಿಪಿ ಇಳಿದ್ರೂ ನಾಡಿ ಹೀಗೆ ಓಡ್ತಿದ್ರೆ ಅಪಾಯ ಇದ್ದೇ ಇರುತ್ತೆ. ಬಡಿತ ತಾಳ ತಪ್ಪಿದೆ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿದೆ. ಮೊದಲೇ ಗೊತ್ತಾಗಿದ್ರೆ ಔಷಧಿ ಇತ್ತು. ಅವರು ಏನೂ ಹೇಳ್ಲಿಲ್ವಾ?"

ಹೇಳಿದ್ದಳು. ನಾನೇ ಬಾಯಿ ಮುಚ್ಚಿಸಿದೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು... ಅವಳ ಮಾತಿಗಿಂತ ಎರಡು ಅಂಕಿ ನನಗೆ ಹೆಚ್ಚಾಯಿತು.

ಮೇ 9, ಸಂಜೆ

ಮನೆಗೆ ಬಂದಿದ್ದೇವೆ. ಹೊಸ ಮಾತ್ರೆಗೆ ನಾಡಿ 74. ಈಗ ಅದನ್ನೇ ಮೊದಲು ನೋಡುತ್ತೇನೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

"ಎದೆ ಹೇಗಿದೆ ಅಕ್ಕ?" ದಿನವೂ ಕೇಳುತ್ತೇನೆ. ಅಂಗಡಿಗೆ ಹೊತ್ತಾದರೂ ಕಾಯುತ್ತೇನೆ. ಹೇಳಲೆಂದು ಬಾಯಿ ತೆರೆಯುತ್ತಾಳೆ. ಮಾತು ಹೊರಡುವುದಿಲ್ಲ.

ಇವತ್ತು ಎಡಗೈಯಿಂದ ನನ್ನ ಕೈ ಎಳೆದು ಎದೆಗೆ ಒತ್ತಿಕೊಂಡಳು — ನೀನೇ ನೋಡಿಕೋ ಎನ್ನುವ ಹಾಗೆ. ನಾನು ಅವಳ ಮುಖ ನೋಡುತ್ತಾ, ಮಷಿನ್ ಪಕ್ಕಕ್ಕೆ ಸರಿಸಿ, ಅಂಗೈ ಕೆಳಗಿನ ಬಡಿತ ಎಣಿಸತೊಡಗಿದೆ.