ನಿಮ್ಮ ತೊಡೆಯ ಮಾಂಸದ ವಿಚಾರ

ಚಿಕ್ಕಮ್ಮನ ಮನೆಯಿಂದ,
ಭಾನುವಾರ ಮಧ್ಯಾಹ್ನ

ಊರಿಗೆಲ್ಲ ತ್ಯಾಗಮೂರ್ತಿಯಾಗಿರುವ ನನ್ನ ಯಜಮಾನರಿಗೆ,

ಹೆಂಡತಿಯಾಗಿ ಮಾಡಬೇಕಾದ ನಮಸ್ಕಾರವನ್ನು ಸದ್ಯಕ್ಕೆ ಒಂದೇ ಕೈಯಲ್ಲಿ ಮಾಡುತ್ತಿದ್ದೇನೆ. ಬಲಗೈ ಎತ್ತಲು ಬರುವುದಿಲ್ಲ. ಬಂದಿದ್ದರೂ ನಿಮಗಾಗಿ ಎತ್ತುತ್ತಿದ್ದೆನೋ ಇಲ್ಲವೋ ಹೇಳಲಾರೆ.

ನಿಮ್ಮ ಕಾಗದ ತಲುಪಿತು. ಮುಂದಿನ ಭಾನುವಾರ ಲಾಂಡ್ರಿಯ ವಾರ್ಷಿಕೋತ್ಸವ, ಅಲ್ಲಿ ನಿಮಗೆ ಸನ್ಮಾನ, ಆಮೇಲೆ ಹೊಸ ಶಾಖೆಯ ಮ್ಯಾನೇಜರಿಕೆ. ಸಂತೋಷ. ನಾನು ಬಂದು ವೇದಿಕೆಯಲ್ಲಿ ನಿಮ್ಮ ಪಕ್ಕ ನಿಲ್ಲಬೇಕು, ಕೈಯನ್ನು ಒಂದು ಸಲ ಜನರಿಗೆ ತೋರಿಸಬೇಕು, ಬಾಯಿ ಮಾತ್ರ ಬಿಡಬಾರದು. ಬಾಯಿ ಬಿಡುವುದು ಅಲ್ಲಿಗೆ ಬರುವ ಕಾರ್ಖಾನೆ ಇನ್ಸ್‌ಪೆಕ್ಟರ್ ಕೇಳಿದಾಗ. ಆಗಲೂ ಒಂದೇ ಮಾತು: ರೋಲರಿನ ಮುಂದಿನ ಅಡ್ಡಪಟ್ಟಿಯನ್ನು ತಂತಿ ಸುತ್ತಿ ಮೇಲೆ ಕಟ್ಟಿದ್ದು ನಾನೇ, ತಪ್ಪು ನನ್ನದೇ. ಇಷ್ಟು ಮಾಡಿದರೆ ಎಲ್ಲ ಮರೆತು ನನ್ನನ್ನು ಮನೆಗೆ ಕರೆದುಕೊಳ್ಳುತ್ತೀರಿ. ಎಂಥಾ ದೊಡ್ಡ ಮನಸ್ಸು! ಅದರಲ್ಲೂ ಒಂದು ತುಂಡು ಕತ್ತರಿಸಿ ಯಾರಿಗಾದರೂ ಹೊಲಿಸಬಹುದಿತ್ತು.

ನಿಮ್ಮ ಸೂಪರ್‌ವೈಸರ್ ಕುರ್ಚಿಯಿಂದ ರೋಲರ್ ಸರಿಯಾಗಿ ಕಾಣುವುದಿಲ್ಲವೆಂದು ಕಾಣುತ್ತದೆ. ಅದಕ್ಕೇ ಹೇಳುತ್ತೇನೆ. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬಂದ ಬೆಡ್‌ಶೀಟುಗಳನ್ನು ಒಗೆದು, ಹಿಂಡಿ, ಇಬ್ಬಿಬ್ಬರು ಹೆಂಗಸರು ಎರಡು ತುದಿ ಹಿಡಿದು ಆ ಬಿಸಿ ರೋಲರಿನ ಬಾಯಿಗೆ ಉಣಿಸುತ್ತೇವೆ. ಬಾಯಿಯ ಮುಂದೆ ಒಂದು ಕಬ್ಬಿಣದ ಪಟ್ಟಿ. ಬೆರಳು ಅದಕ್ಕೆ ತಾಗಿದರೆ ಸಾಕು, ಯಂತ್ರ ನಿಲ್ಲಬೇಕು. ಅದನ್ನು ಮಾಡಿದ ಪುಣ್ಯಾತ್ಮನಿಗೆ ಹೆಂಗಸರ ಬೆರಳಿನ ಬೆಲೆ ಗೊತ್ತಿತ್ತು. ಆದರೆ ಬೆಡ್‌ಶೀಟಿನ ದಪ್ಪ ಅಂಚು ಮುದುಡಿ ತಾಗಿದರೂ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮಾಲೀಕರ ಮುಖ ಕಪ್ಪಿಡುತ್ತಿತ್ತು. ಮಾಲೀಕರ ಮುಖ ಕಪ್ಪಿಟ್ಟರೆ ನಿಮಗೆ ಉಸಿರಾಡಲು ಬರುವುದಿಲ್ಲ. ಇಕ್ಕಳ ತಂದವರು ನೀವು. ತಂತಿ ಬಿಗಿದವರು ನೀವು. ಹೆಂಗಸರು ಗೊಣಗಿದಾಗ, ಕಣ್ಣು ಕೆಲಸದ ಮೇಲಿದ್ದರೆ ಕೈ ಯಾಕೆ ಒಳಗೆ ಹೋಗುತ್ತೆ, ಹರಟೆ ಕಡಿಮೆ ಮಾಡಿ ಅಂದವರೂ ನೀವೇ.

ನನ್ನ ಕಣ್ಣು ಕೆಲಸದ ಮೇಲೇ ಇತ್ತು. ಒದ್ದೆ ಬಟ್ಟೆ ಮಣಿಕಟ್ಟಿಗೆ ಸುತ್ತಿಕೊಂಡಿತು, ಅಷ್ಟೆ. ಪಟ್ಟಿ ಮೇಲೆ ಹಾಯಾಗಿ ನೇತಾಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿಲ್ಲ ಅನ್ನುತ್ತಾರಲ್ಲ, ನನಗೆ ಆಗ ಅಂಗೈ ತಿರುಗಿಸಿದರೆ ಸಾಕಿತ್ತು: ಹಿಂಬದಿಯ ಚರ್ಮ ಬೆರಳಿನ ಬುಡದಿಂದ ಮೊಣಕೈವರೆಗೆ ಕಿತ್ತುಹೋಗಿ ನರ, ಎಲುಬು ಎಲ್ಲ ಬಟಾಬಯಲಾಗಿತ್ತು.

ಈಗ ನಿಮ್ಮ ತೊಡೆಯ ವಿಚಾರಕ್ಕೆ ಬರುತ್ತೇನೆ.

ಡಾಕ್ಟರಮ್ಮ ಆಮೇಲೆ ನನಗೆ ಬಿಡಿಸಿ ಹೇಳಿದರು. ಬರೀ ತೆಳ್ಳಗಿನ ಚರ್ಮ ತಂದು ಅಂಟಿಸಿದರೆ ಬೋಳು ಎಲುಬಿನ ಮೇಲೆ ಅದು ಬದುಕುವುದಿಲ್ಲವಂತೆ. ಚರ್ಮ, ಕೊಬ್ಬು, ಅದಕ್ಕೆ ಅನ್ನ ಹಾಕುವ ರಕ್ತನಾಳ, ಎಲ್ಲವನ್ನೂ ಒಟ್ಟಿಗೆ ತೊಡೆಯಿಂದ ಎತ್ತಿ, ಕೈಗೆ ತಂದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ನಾಳಕ್ಕೆ ನಾಳ ಹೊಲಿಯಬೇಕಂತೆ. ಬೆಳಗ್ಗೆ ಒಳಗೆ ಹೋದವಳು ಹೊರಗೆ ಬರುವಾಗ ಸಂಜೆಯಾಗಿತ್ತು.

ಹೊರಗೆ ಕಾರಿಡಾರಿನಲ್ಲಿ ಅತ್ತೆಯವರು ಕಾಯುತ್ತಿದ್ದರು. ಮಾಂಸ ಎಲ್ಲಿಂದ ತಗೀತಾರೆ ಎಂದು ಕೇಳಿದ್ದಕ್ಕೆ ಯಾರೋ ತೊಡೆಯಿಂದ ಎಂದಿದ್ದಾರೆ. ಅಷ್ಟರಲ್ಲಿ ನೀವು ಕುಂಟುತ್ತಾ ಬಂದಿರಿ. ಬಲತೊಡೆಗೆ ದಪ್ಪ ಬ್ಯಾಂಡೇಜು. ಅತ್ತೆ ಎದೆ ಬಡಿದುಕೊಂಡು, ನನ್ನ ಮಗ ಹೆಂಡ್ತಿಗೆ ತೊಡೆ ಕೊಯ್ದು ಕೊಟ್ಬಿಟ್ನಲ್ಲಪ್ಪಾ ಎಂದು ಗೋಳಾಡಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಬೀದಿ ನಂಬಿತು. ಲಾಂಡ್ರಿ ನಂಬಿತು. ನೀವು ಒಂದು ಸಲ ಬಾಯಿ ತೆರೆದು, ಅಮ್ಮಾ, ಇದು ಕುರು, ಕೆಳಗಿನ ಕೋಣೆಯಲ್ಲಿ ಕೀವು ತೆಗೆಸಿಕೊಂಡು ಬಂದೆ ಅನ್ನಬಹುದಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ನಿಂತಿರಂತೆ. ತ್ಯಾಗಿಗಳು ಹಾಗೇ ನಿಲ್ಲುವುದಂತೆ.

ಕುರು! ಇಡೀ ದಿನ ಕುರ್ಚಿಗೆ ಅಂಟಿ ಕೂತವರಿಗೆ ತೊಡೆಯ ಹಿಂಬದಿಯಲ್ಲಿ ಏಳುವ ಕುರು. ಅದಕ್ಕೆ ಮೂರು ವಾರದಿಂದ ಬಿಸಿನೀರಿನ ಶಾಖ ಕೊಟ್ಟವಳು ಯಾರು? ಆಗ ನನಗೆ ಎರಡು ಕೈ ಇತ್ತು.

ಮಾಂಸ ಕೊಟ್ಟದ್ದು ನನ್ನದೇ ತೊಡೆ ಸ್ವಾಮೀ. ಮುಂಭಾಗ, ಮೊಣಕಾಲಿನ ಮೇಲೆ. ಅಲ್ಲಿ ಉದ್ದಕ್ಕೆ ಹೊಲಿಗೆ ಇದೆ, ಚಳಿಗೆ ಸೆಳೆಯುತ್ತದೆ. ನಾನು ಡಾಕ್ಟರಮ್ಮನನ್ನು ಕೇಳಿಯೂ ಬಿಟ್ಟೆ, ಗಂಡನ ಮಾಂಸ ಹೆಂಡತಿಗೆ ಹಿಡಿಯುತ್ತದಾ ಎಂದು. ಅವರು ಕೈಗವಸು ಕಳಚುತ್ತಾ, ಬೇರೆಯವರದ್ದು ಹಾಕಿದ್ರೆ ಮೈ ಒಪ್ಪಲ್ಲಮ್ಮಾ, ಕೊಳೆಸಿ ಆಚೆ ಉಗಿದುಬಿಡುತ್ತೆ, ಗಂಡಂದಾದ್ರೂ ಅಷ್ಟೆ, ಗಡವಂದಾದ್ರೂ ಅಷ್ಟೆ ಅಂದರು. ನಮ್ಮ ಮೈಗೆ ಇರುವ ಬುದ್ಧಿ ನಮ್ಮ ತಲೆಗೆ ಇದ್ದಿದ್ದರೆ ಎಷ್ಟು ಸಂಸಾರಗಳು ಉಳಿಯುತ್ತಿದ್ದವೋ, ಎಷ್ಟು ಮುರಿಯುತ್ತಿದ್ದವೋ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ, ನಗಬೇಡಿ. ಒಂದು ಇಡೀ ದಿನ ನಾನೂ ನಂಬಿದ್ದೆ. ಮತ್ತಿನ ಮಂಪರು ಇನ್ನೂ ಇಳಿದಿರಲಿಲ್ಲ. ಸುತ್ತ ನಿಂತ ಹೆಂಗಸರೆಲ್ಲ, ಪುಣ್ಯ ಮಾಡಿದ್ದೆ ಕಣೇ, ಇಂಥ ಗಂಡ ಯಾರಿಗೆ ಸಿಗ್ತಾನೆ ಎನ್ನುತ್ತಿದ್ದರು. ನನಗೆ ಅಳು ಬಂತು. ಮದುವೆಯಾದಾಗಿನಿಂದ ನಿಮ್ಮ ಮೇಲೆ ಅಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ. ಬೈದದ್ದು, ಬಡಿದದ್ದು, ಎಲ್ಲ ಮಾಫಿ ಮಾಡಿದೆ. ಮಾರನೆಯ ಬೆಳಗ್ಗೆ ಕಾಲು ಉರಿಯಿತು. ಹೊದಿಕೆಯ ಕೆಳಗೆ ಎಡಗೈ ಹಾಕಿ ನೋಡಿಕೊಂಡೆ. ನನ್ನ ತೊಡೆಗೇ ಬ್ಯಾಂಡೇಜು! ಆ ಒಂದು ದಿನದ ಪ್ರೀತಿ ನಿಮಗೆ ಪುಕ್ಕಟೆ ಹೋಯಿತಲ್ಲ, ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ.

ನಿಮ್ಮ ಕೊಡುಗೆ ಏನೂ ಇಲ್ಲ ಎಂದರೆ ಅನ್ಯಾಯವಾದೀತು. ಹೊಲಿದ ಮಾಂಸ ಬದುಕಿದೆಯೋ ಇಲ್ಲವೋ ಎಂದು ದಪ್ಪ ಕನ್ನಡಕದ ನರ್ಸಮ್ಮ ಗಂಟೆಗೊಮ್ಮೆ ಬಂದು, ಪೆನ್ನಿನಂಥ ಕಡ್ಡಿಯನ್ನು ಅದರ ಮೇಲಿಟ್ಟು ಒಳಗೆ ರಕ್ತ ಹರಿಯುವ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಹುಷ್, ಹುಷ್, ಹುಷ್. ನಾನೂ ಉಸಿರು ಹಿಡಿದು ಕೇಳುತ್ತಿದ್ದೆ. ನೀವು ಬಂದವರು ಕಿಟಕಿಯ ಹತ್ತಿರ ನಿಂತು ಸಿಗರೇಟು ಹಚ್ಚಿದಿರಿ. ನರ್ಸಮ್ಮ, ರೀ ಆಚೆ ನಡೀರಿ, ನಿಮ್ಮ ಹೊಗೆಗೆ ಆ ನಾಳ ಮುದುರಿಕೊಂಡ್ರೆ ಮತ್ತೆ ಕೊಯ್ಯಬೇಕಾಗುತ್ತೆ ಎಂದು ಗದರಿದಳು. ನೀವು ಗೊಣಗುತ್ತಾ ಹೊರಗೆ ಹೋದಿರಿ. ಈ ಕೈಗೆ ನೀವು ಮಾಡಿದ ದೊಡ್ಡ ಉಪಕಾರ ಅದೇ, ಹೊರಗೆ ಹೋದದ್ದು.

ಆಮೇಲೆ ಮಾಂಸದ ಒಂದು ಅಂಚು ನೀಲಿಗಟ್ಟಿತು. ರಕ್ತ ಒಳಗೆ ಬರುತ್ತದೆ, ಹೊರಹೋಗಲು ದಾರಿ ಸಾಲದು. ಅದಕ್ಕೆ ಜಿಗಣೆ ಬಿಟ್ಟರು. ಹೌದು, ಜಿಗಣೆ. ನಾನು ಹೆದರಿ ಕೂಗಿದೆ, ಆಮೇಲೆ ಅಭ್ಯಾಸವಾಯಿತು. ಹೊಟ್ಟೆ ತುಂಬುವಷ್ಟು ಕುಡಿದು ಅದು ತಾನಾಗಿಯೇ ಕಳಚಿ ಬೀಳುತ್ತದೆ. ಅದು ಕಚ್ಚಿದ ಜಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಾಲೀಕರಿಗೂ ನಿಮಗೂ ಆ ಹುಳುವಿನ ಹೆಸರಿಟ್ಟು ಬೈಯಬೇಕೆಂದಿದ್ದೆ, ಮನಸ್ಸು ಬರಲಿಲ್ಲ. ಅದು ನನ್ನ ಕೈ ಉಳಿಸಿದೆ. ಹೊಟ್ಟೆ ತುಂಬಿದ ಮೇಲೆ ಬಿಡುವಷ್ಟು ಮರ್ಯಾದೆಯೂ ಅದಕ್ಕಿದೆ.

ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ಬಂದದ್ದು ನೆನಪಿದೆಯೇ? ನನ್ನ ಕೈ ನೋಡಲೇ ಇಲ್ಲ. ನಿಮ್ಮ ತೊಡೆಯನ್ನೇ ನೋಡಿದರು. ಅವರ ತಲೆ ಎಷ್ಟು ಬೇಗ ಓಡಿತು ನೋಡಿ! ಪೇಪರಿನಲ್ಲಿ ತಂತಿ ಕಟ್ಟಿದ ಪಟ್ಟಿಯ ಸುದ್ದಿ ಬರಬೇಕಿತ್ತು, ತೊಡೆ ಕೊಟ್ಟ ಗಂಡನ ಸುದ್ದಿ ಬಂತು. ಯಂತ್ರ ಕೈ ತಿಂದಿತು ಎನ್ನುವವರ ಬಾಯಿಗೆ ನಿಮ್ಮ ಕುರುವಿನ ಬ್ಯಾಂಡೇಜನ್ನೇ ತುರುಕಿದರು. ನನ್ನ ಮಾಂಸ ನನ್ನ ಗಾಯ ಮುಚ್ಚಿತು. ನಿಮ್ಮ ಸುಳ್ಳು ಅವರ ತಪ್ಪು ಮುಚ್ಚಿತು. ಎರಡರಲ್ಲಿ ಯಾವ ಹೊಲಿಗೆ ಗಟ್ಟಿ ಎಂದು ಮುಂದಿನ ಭಾನುವಾರ ನೋಡೋಣ.

ಇಷ್ಟೇ ಆಗಿದ್ದರೆ ನಿಮ್ಮನ್ನು ನಿಮ್ಮ ಪಾಡಿಗೆ ಬಿಡುತ್ತಿದ್ದೆ. ಸನ್ಮಾನ ಮಾಡಿಸಿಕೊಳ್ಳಿ, ಕುಂಟಿಕೊಂಡೇ ವೇದಿಕೆ ಹತ್ತಿ. ಯಾವ ಕಾಲು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಹೋದ ವಾರ ಎಡಗಾಲು ಕುಂಟುತ್ತಿದ್ದಿರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಿಮಗಿಂತ ವಾಸಿ, ಅವನಿಗೆ ಯಾವ ಹೆಗಲು ಎಂದು ಗೊತ್ತಿತ್ತು.

ಆದರೆ ಅಪಘಾತದ ಮಾರನೆಯ ದಿನ ಬಿಚ್ಚಿದ ತಂತಿಯನ್ನು, ಇನ್ಸ್‌ಪೆಕ್ಟರ್ ಬಂದು ಚಹಾ ಕುಡಿದು ಹೋದ ಮೇಲೆ, ಮತ್ತೆ ಕಟ್ಟಿದ್ದೀರಿ. ಯಾರು ಹೇಳಿದರೆಂದು ಕೇಳಬೇಡಿ. ನಾನು ನಿಂತಿದ್ದ ಜಾಗದಲ್ಲಿ ಈಗ ನಿಲ್ಲಿಸಿರುವುದು ನಿಮ್ಮ ಸ್ವಂತ ತಂಗಿಯನ್ನು. ಹೆಂಗಸರು ಆ ಯಂತ್ರಕ್ಕೆ ಹೋಗಲ್ಲ ಅಂದಾಗ, ನನ್ನ ತಂಗೀನೇ ನಿಲ್ಲಿಸ್ತೀನಿ, ಆಮೇಲೇನು ಹೇಳ್ತೀರಿ ಎಂದು ಎದೆ ತಟ್ಟಿಕೊಂಡಿರಂತೆ. ಥೂ! ತೊಡೆ ಕೊಡಲಿಲ್ಲ, ಸರಿ. ತಂಗಿಯ ಎರಡು ಕೈಗಳನ್ನು ಮಾತ್ರ ಮಾಲೀಕರ ರೋಲರಿಗೆ ಧಾರಾಳವಾಗಿ ಕೊಟ್ಟಿರಿ. ನಿನ್ನೆಯವರೆಗೂ ಅಣ್ಣ ಅಂದರೆ ದೇವರು ಎನ್ನುತ್ತಿದ್ದ ಹುಡುಗಿ ಅದು. ನನ್ನ ಕೈ ಈಗ ದಿಂಬಿನಂತೆ ಉಬ್ಬಿದೆ, ಚಿವುಟಿದರೆ ಗೊತ್ತಾಗುವುದಿಲ್ಲ, ಮೂರು ಬೆರಳು ಅರ್ಧಕ್ಕೆ ಮಡಚುತ್ತವೆ. ಇಷ್ಟು ಉಳಿಸಲು ಡಾಕ್ಟರಮ್ಮನ ಬೆನ್ನು ಬಿದ್ದುಹೋಯಿತು. ನಿಮ್ಮ ತಂಗಿಯ ಕೈಗೂ ಇದೇ ಗತಿ ಬಂದರೆ ಯಾರ ತೊಡೆ ಕೊಡುತ್ತೀರಿ? ಕುರುವಿನ ಗಾಯವೂ ಈಗ ಮಾಗಿದೆ.

ಆದ್ದರಿಂದ ಕೇಳಿ. ಈ ಕಾಗದ ತಲುಪಿದ ದಿನವೇ ಆ ತಂತಿ ಬಿಚ್ಚಬೇಕು. ಮಾಲೀಕರನ್ನು ಕೇಳಿ ಬಿಚ್ಚುವುದಲ್ಲ, ಕಟ್ಟಿದ ಕೈಯಿಂದಲೇ ಬಿಚ್ಚುವುದು. ಬಿಚ್ಚದಿದ್ದರೆ ನೀವು ಕರೆದಂತೆಯೇ ನಾನು ಭಾನುವಾರ ಬರುತ್ತೇನೆ. ತೋಳು ಮೇಲೆ ಮಾಡಿ ಕೈ ತೋರಿಸುತ್ತೇನೆ. ಆಮೇಲೆ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆಯೇ, ಇದಕ್ಕೆ ಮಾಂಸ ಕೊಟ್ಟ ತೊಡೆಯನ್ನೂ ಸಭೆಗೆ ತೋರಿಸಿ ಎಂದು ನಿಮ್ಮನ್ನು ಕೇಳುತ್ತೇನೆ. ಹಿಂದೆ ತಿರುಗಿ ನಿಲ್ಲಬೇಕಾಗುತ್ತದೆ, ಒಳ್ಳೆಯ ಚಡ್ಡಿ ಹಾಕಿಕೊಂಡು ಬನ್ನಿ.

ಬಿಚ್ಚಿದರೂ ಮನೆಗೆ ಬರುವುದಿಲ್ಲ. ಅದನ್ನು ಇದರೊಂದಿಗೆ ಬೆರೆಸಬೇಡಿ. ನನ್ನ ಮೈ ಬೇರೆಯವರದ್ದನ್ನು ಒಪ್ಪುವುದಿಲ್ಲ ಎಂದು ಡಾಕ್ಟರಮ್ಮನೇ ಹೇಳಿದ್ದಾರೆ.

ಇಂತು,
ತನ್ನ ತೊಡೆ ತಾನೇ ಕೊಟ್ಟುಕೊಂಡ
ನಿಮ್ಮ ಹೆಂಡತಿ

ತಾ.ಕ.: ಅಣ್ಣಾ, ಅಕ್ಷರ ನೋಡಿ ಮೊದಲ ಸಾಲಿನಲ್ಲೇ ಗುರುತು ಹಿಡಿದಿರ್ತೀಯ. ಅತ್ತಿಗೆಗೆ ಪೆನ್ನು ಹಿಡಿಯಲು ಬರುವುದಿಲ್ಲ, ಅವಳು ಹೇಳಿದ್ದನ್ನು ನಾನು ಬರೆದೆ. ಈಗ ಅವಳು ಒಳಗೆ ಮಲಗಲು ಹೋಗಿದ್ದಾಳೆ, ಇದು ನನ್ನ ಮಾತು. ಕುರುವಿನ ವಿಷಯ ನನಗೆ ಇವತ್ತೇ ಗೊತ್ತಾದದ್ದು. ಅಮ್ಮನಿಗೆ ನೀನೇ ಹೇಳು, ನನ್ನಿಂದ ನಗು ತಡೆಯಲು ಆಗುವುದಿಲ್ಲ. ತಂತಿ ಬಿಚ್ಚುವ ಕೆಲಸ ನಿನಗೆ ಉಳಿದಿಲ್ಲ. ನಿನ್ನೆ ನೀನು ಮಾಲೀಕರ ಜೊತೆ ಸಭಾಂಗಣ ನೋಡಲು ಹೋದಾಗ ನಾನೇ ಕತ್ತರಿಸಿದೆ. ಅತ್ತಿಗೆಗೂ ಇನ್ನೂ ಹೇಳಿಲ್ಲ, ಎದ್ದ ಮೇಲೆ ಓದಿ ಹೇಳುತ್ತೇನೆ. ನೀನು ತೊಡೆ ಕೊಟ್ಟೆ ಎಂದು ನಂಬಿಕೊಂಡೇ ಕತ್ತರಿಸಿದೆ ಅಣ್ಣಾ. ಹೆಂಡತಿಗೆ ತೊಡೆ ಕೊಯ್ದು ಕೊಟ್ಟವನು ತಂಗಿಗೆ ಒಂದು ತಂತಿ ಯಾಕೆ ಬಿಚ್ಚಿ ಕೊಡುತ್ತಿಲ್ಲ ಎಂದು ದಿನವೂ ಯೋಚಿಸಿ ತಲೆ ಕೆಟ್ಟುಹೋಗಿತ್ತು. ಮಾಲೀಕರು ಕೇಳಿದರೆ ನನ್ನ ಹೆಸರೇ ಹೇಳು. ಎಲ್ಲ ಹೆಂಗಸರೂ ನೋಡಿದ್ದಾರೆ, ಮತ್ತೆ ಕಟ್ಟಿದರೆ ಒಬ್ಬರೂ ಕೆಲಸಕ್ಕೆ ನಿಲ್ಲುವುದಿಲ್ಲ. ಕತ್ತರಿಸಿದ ಮೇಲೆ, ಸಂಜೆ ಪಾಳಿ ಮುಗಿಯುವ ಹೊತ್ತಿಗೆ, ಒದ್ದೆ ಬೆಡ್‌ಶೀಟು ನನ್ನ ಕೈಗೂ ಸುತ್ತಿಕೊಂಡಿತು. ಎಳೆದುಕೊಂಡು ಹೋಯಿತು. ಬೆರಳು ಪಟ್ಟಿಗೆ ತಾಗಿತು. ಯಂತ್ರ ನಿಂತಿತು.