ಮೂರನೇ ಚರಣ ಕೇಳದವರಿಗೆ

ಇವತ್ತು ಎರಡು ಸಾವಿರದ ಇನ್ನೂರ ಹನ್ನೊಂದನೇ ಇಸವಿ, ಫೆಬ್ರವರಿ ಮೂವತ್ತು. ನಿಮ್ಮ ಕಾಲದಲ್ಲಿ ಈ ತಾರೀಖು ಇರ್ಲಿಲ್ಲ, ನಮಗಿದೆ, ಅದಕ್ಕೆ ನಾನೇನೂ ಮಾಡಕ್ಕಾಗಲ್ಲ. ನನ್ನ ಹೆಸರು ರಂಗಧಾಮ, ಊರು ಅರಸೀಕೆರೆ, ವಯಸ್ಸು ಐವತ್ತು. ಬರೆಯೋ ಅಭ್ಯಾಸ ನಮ್ಮಲ್ಲಿ ತಪ್ಪಿಹೋಗಿದೆ, ಮಾತಾಡಿ ಕಳಿಸ್ತಿದೀನಿ. ಕೆಲವು ಪದ ನಿಮಗೆ ವಿಚಿತ್ರ ಅನ್ಸುತ್ತೆ, ಅಷ್ಟಕ್ಕೆ ಕ್ಷಮಿಸಿ. ಇನ್ನು ಮುಂದೆ ಹೇಳೋದಕ್ಕೆ ಕ್ಷಮೆ ಕೇಳಲ್ಲ.

ಇದಕ್ಕೆ ಹಿಂದೋಲೆ ಅಂತೀವಿ, ಹಿಂದಿನ ಕಾಲಕ್ಕೆ ಹೋಗೋ ಓಲೆ. ಮನೆಗೊಂದೇ ಸಲ ಅವಕಾಶ, ಉತ್ತರ ಬರಲ್ಲ. ಪಕ್ಕದ ಮನೆಯವರು ನಿಮ್ಮ ಕಾಲದಲ್ಲಿದ್ದ ಅವರ ಮುತ್ತಜ್ಜನ ಮುತ್ತಜ್ಜನಿಗೆ ಕಳಿಸಿ, ಸ್ಟೇಷನ್ ಹತ್ರದ ಸೈಟು ಮಾರಬೇಡ ಅಂದ್ರು. ಆ ಪುಣ್ಯಾತ್ಮ ಮಾರೇ ಮಾರಿದ. ನಿಮ್ಮ ಕಾಲದವರ ಕಿವಿ ಎಂಥದ್ದು ಅಂತ ಗೊತ್ತಿದ್ದೂ ನಾನು ನಮ್ಮ ಓಲೇನ ಒಂದು ಹಾಡಿಗೋಸ್ಕರ ಖರ್ಚು ಮಾಡ್ತಿದೀನಿ.

ನಮ್ಮಲ್ಲಿ ಬಿಸಿಲು ಜಾಸ್ತಿ. ಬೆಳಿಗ್ಗೆ ತಿಂಡಿ ಮುಗಿಯೋದ್ರೊಳಗೆ ಬೀದಿಗಳ ಮೇಲೆ ನೆರಳುಬಟ್ಟೆ ಎಳೀತಾರೆ, ಮಧ್ಯಾಹ್ನ ಊರಿಗೆ ಊರೇ ಮಲಗುತ್ತೆ, ಹೊತ್ತಿಳಿದ ಮೇಲೆ ಎಲ್ಲರೂ ಕಿವಿಕಟ್ಟೆಗೆ ಬರ್ತಾರೆ. ನಿಮ್ಮ ಅರಳಿಕಟ್ಟೆ ಥರದ್ದೇ, ಅಲ್ಲಿ ದಿನಕ್ಕೊಂದು ಹಳೇ ಹಾಡು ಹಾಕ್ತಾರೆ. ಸಾಲಾಗಿ ಕೂತು ಕೇಳ್ತೀವಿ, ಮುಗಿಯೋ ತನಕ ಯಾರೂ ಏಳಲ್ಲ. ಮಧ್ಯ ಎದ್ರೆ ಪಂಕ್ತಿ ಊಟದಲ್ಲಿ ಪಾಯಸ ಬಡಿಸೋಕ್ಮುಂಚೆ ಕೈ ತೊಳೆಯಕ್ಕೆ ಹೋದಂಗೆ. ಅಂಥವನ ಮನೆಗೆ ಹೆಣ್ಣು ಕೊಡಲ್ಲ. ಆಮೇಲೆ ಮಜ್ಜಿಗೆ ಕುಡೀತಾ, ಯಾವ ಪದದ ಹತ್ರ ಯಾಕೆ ಉಸಿರು ತಗೊಂಡ್ರು ಅಂತ ಕಚ್ಚಾಡ್ತೀವಿ.

ನಿಮ್ಮ ಕಾಲದಲ್ಲಿ ಪದ್ಮಲತಾ ಅಂತ ಗಾಯಕಿ ಇದ್ರು. ಗೊತ್ತು ಗೊತ್ತು ಅಂತ ಹೇಳ್ಕೊಂಡು ತಿರುಗ್ತಿದ್ರಿ. ಭಜನೆ, ಲಾಲಿ, ಕುಣಿಯೋ ಹಾಡು, ಗಜಲು, ಸೋಪಿನ ಜಾಹೀರಾತು, ಏನು ಕೊಟ್ರೂ ಹಾಡಿದ್ರು. ನೀವು ಕೇಳಿದ್ದು ಮಾತ್ರ ಅದೇ ಒಂದು ಮಳೆ ಹಾಡು. ಯಾವ ಸ್ಟೇಜಿಗೆ ಹೋದ್ರೂ ಅದೇ, ಮೊಬೈಲ್ ಎತ್ತಿ ಹಿಡಿದು ವನ್ಸ್ ಮೋರ್. ಅದರ ಪ್ರತಿ ನಮ್ಮಲ್ಲಿ ರಾಶಿ ಬಿದ್ದಿದೆ. ಕೊನೆಕೊನೇದ್ರಲ್ಲಿ ಆಯಮ್ಮ ಹಲ್ಲು ಕಚ್ಚಿ ನಿಮ್ಮನ್ನ ಸಹಿಸ್ಕೋತಿರೋದು ಕೇಳ್ಸುತ್ತೆ. ಭಾವ ಅಂದ್ರೆ ನಿಮಗೆ ಟೀವಿ ಸ್ಪರ್ಧೇಲಿ ಕಣ್ಣು ಮುಚ್ಚಿ ಕಿರುಚೋದು, ತೀರ್ಪುಗಾರರು ಕರ್ಚೀಫ್ ಹುಡುಕೋದು.

ಇದರ ಮಧ್ಯ, ತೆರೆಗೇ ಬಾರದ ಒಂದು ಸಿನಿಮಾಕ್ಕೆ ಅವರೊಂದು ಹಾಡು ಹಾಡಿದ್ರು, ಹಾಡು ಮಾತ್ರ ನಿಮ್ಮ ಮೊಬೈಲಿನ ತನಕ ಬಂತು. ಗಂಡನಿಗೆ ಕಾಯೋ ಹೆಂಗಸಿನ ಹಾಡು, ಪ್ರತಿ ಚರಣಾನೂ ‘ಅನ್ನ ಆರಿತು, ಬಾ’ ಅಂತ ಮುಗಿಯುತ್ತೆ. ಸಾಹಿತ್ಯ ಕಳಪೆ ಅಂದ್ರೂ ತಪ್ಪಿಲ್ಲ. ಮೊದಲನೇ ‘ಬಾ’ ಅಡುಗೆಮನೆಯಿಂದ ಕೂಗಿದಂಗಿದೆ, ಕೈಲಿ ಸೌಟಿರೋದೂ ಗೊತ್ತಾಗುತ್ತೆ. ಎರಡನೇದ್ರಲ್ಲಿ ದನಿ ತಗ್ಗಿಸ್ತಾರೆ, ಪಕ್ಕದ ಮನೆಯವರಿಗೆ ಕೇಳಬಾರದು ಅಂತ. ಮೂರನೇದು ಹೆಂಗೆ ಅಂತ ನಮಗೆ ಗೊತ್ತಿಲ್ಲ. ಯಾಕಂದ್ರೆ ನೀವು ಎಷ್ಟು ದೂರ ಕೇಳಿದ್ರೋ ಅಷ್ಟೇ ಉಳೀತು. ಯಾರೂ ಮುಟ್ಟದ ಭಾಗಾನ ನಿಮ್ಮ ಮಿಷನ್ನುಗಳು ಜಾಗ ಉಳಿಸಕ್ಕೆ ಗುಡಿಸಿ ಹಾಕಿದ್ವು. ಅಷ್ಟು ಕೋಟಿ ಜನದಲ್ಲಿ ಒಬ್ಬರಿಗೂ ಮೂರನೇ ಚರಣದ ತನಕ ತಾಳ್ಮೆ ಇರ್ಲಿಲ್ಲ. ನಾಲ್ಕು ನಿಮಿಷದ ಹಾಡು ನಿಮಗೆ ಭಾರ ಆಯ್ತು.

ನಾನು, ನಮ್ಮಕ್ಕ ವರದಮ್ಮ, ಚಿಕ್ಕವರಿದ್ದಾಗಿಂದ ಆ ಮೂರನೇ ‘ಬಾ’ ಮೇಲೆ ಜಗಳ ಆಡ್ಕೊಂಡು ಬಂದಿದೀವಿ. ನಗ್ತಾ ಹಾಡಿರ್ತಾರೆ ಅಂತ ಅವಳು. ಆ ಪದ ಹಾಡೇ ಇರಲ್ಲ, ಅಲ್ಲಿಗೆ ಬಂದು ಸುಮ್ಮನಾಗಿರ್ತಾರೆ ಅಂತ ನಾನು. “ನಿನ್ನ ಹೆಂಡ್ತಿ ಒಂದಿನ ಹಂಗೆ ಸುಮ್ಮನಾಗ್ಲಿ, ಆಗ ಬಂದು ಹೇಳು” ಅಂತ ಹಂಗಿಸ್ತಾಳೆ. ಈಗ ಅಕ್ಕನ ಕಿವಿ ಹೋಗ್ತಿದೆ. ಒಂದು ಆಗ್ಲೇ ಹೋಯ್ತು, ಇನ್ನೊಂದು ಈ ಬೇಸಿಗೆ ದಾಟಲ್ಲ ಅಂದಿದಾರೆ ಡಾಕ್ಟ್ರು. “ಮಿಕ್ಕಿದ್ದೆಲ್ಲ ಕೇಳಿ ಆಯ್ತು ಕಣೋ, ಅದೊಂದು ಬಾಕಿ” ಅಂತಾಳೆ.

ಇಷ್ಟು ಹೊತ್ತೂ ಪಕ್ಕದಲ್ಲೇ ಕೂತು ಕೇಳಿಸ್ಕೋತಿದ್ಲು. ಈಗ ನೋಡಿ, ನನಗೇ ಬೈತಿದಾಳೆ. “ಬೈಸ್ಕೊಂಡವರು ಯಾರಾದ್ರೂ ಕೆಲಸ ಮಾಡ್ಕೊಡ್ತಾರೇನೋ, ಪೆದ್ದ? ಬೇಡ್ಕೋ.”

ಸರಿ, ಬೇಡ್ಕೋತೀನಿ. ಆ ಹಾಡು ಇನ್ನೂ ನಿಮ್ಮ ಹತ್ರ ಪೂರ್ತಿ ಇದೆ. ಹುಡುಕಿ ಹಾಕಿ. ಇಷ್ಟ ಆಗಬೇಕು ಅಂತೇನಿಲ್ಲ, ನಿಮ್ಮ ಇಷ್ಟ ಯಾರಿಗೆ ಬೇಕು. ಮುಗಿಯೋ ತನಕ ಬೆರಳು ಆಡಿಸ್ಬೇಡಿ, ಅಷ್ಟೇ. ಒಬ್ರು ಕೇಳಿದ್ರೂ ಸಾಕು, ನಮ್ಮ ಕಡೆ ಹಾಡು ತುಂಬ್ಕೊಳ್ಳುತ್ತೆ. ನಿಮ್ಮ ಕಾಲ ನಮಗೆ ಆಗಿಹೋದ ಕಾಲ, ಅದಕ್ಕೇ ನಾವು ಕಾಯಬೇಕಾಗಿಲ್ಲ. ಈ ಓಲೆ ಹೋದ ತಕ್ಷಣ ಹಾಡು ಹಾಕ್ತೀನಿ, ನೀವೆಂಥವರು ಅಂತ ಆಗಲೇ ಗೊತ್ತಾಗುತ್ತೆ. ನನಗೇನೂ ನಂಬಿಕೆ ಇಲ್ಲ. ಅಕ್ಕ ಮಾತ್ರ ಹಾಡಿನ ಪೆಟ್ಟಿಗೆಗೆ ಆಗಲೇ ತಲೆ ಆನಿಸಿದಾಳೆ, ಬಾಯಿ ಮುಚ್ಚು ಅಂತ ನನಗೆ ಕೈ ತೋರಿಸ್ತಿದಾಳೆ.